ನಿಲ್ಲದ ಸೈಕಲ್ಲಿಗೊಂದು ಅಗ್ಗದ ಡಿಸ್ಕ್ ಬ್ರೇಕ್

ಸಿಂಧನೂರಿನಲ್ಲಿ ಏನಾದರೂ ಕೊಳ್ಳಬೇಕೆಂದಿದ್ದರೆ ಯಾರ ಮುಂದೆಯೂ ಬಾಯಿ ಬಿಡಬಾರದು. ಬಿಟ್ಟರೆ ಆ ವಸ್ತು ಒಂದನ್ನು ಬಿಟ್ಟು ಉಳಿದದ್ದೆಲ್ಲ ಮನೆ ಬಾಗಿಲಿಗೆ ಬರುತ್ತದೆ. ಬೋರ್‌ವೆಲ್ ಮೋಟಾರಿನಿಂದ ಹಿಡಿದು ಬಾಲವಾಡಿ ಮಕ್ಕಳ ಬೂಟಿನವರೆಗೆ ಎಲ್ಲದಕ್ಕೂ ಇಲ್ಲಿ ತಜ್ಞರಿದ್ದಾರೆ. ನನ್ನದು ಮೆಡಿಕಲ್ ಅಂಗಡಿ. ದಿನವಿಡೀ ಕೌಂಟರಿನ ಹಿಂದೆ ನಿಂತೇ ಇರುವುದರಿಂದ ತಜ್ಞರಿಗೆ ನನ್ನನ್ನು ಹುಡುಕುವ ಕಷ್ಟವೂ ಇಲ್ಲ. ಇಂಥ ಪ್ರಸಂಗ ನನಗೆ ವರ್ಷಕ್ಕೆ ನಾಲ್ಕಾದರೂ ಆಗುತ್ತವೆ. ಆದರೆ ಸೈಕಲ್ಲಿಗೆ ಡಿಸ್ಕ್ ಬ್ರೇಕ್ ಹಾಕಿಸಲು ಹೊರಟಾಗ ಆದಷ್ಟು ಯಾವತ್ತೂ ಆಗಿರಲಿಲ್ಲ.

ಸಸಿಮಡಿಯಲ್ಲಿ

ಶುಗರ್ ಏರಿದೆ, ಮೈ ಬಗ್ಗಿಸಿ ಅಂತ ನಮ್ಮ ಅಂಗಡಿಯ ಮಹಡಿ ಮೇಲಿನ ಡಾಕ್ಟರು ಹೇಳಿದರು. ಅವರ ಮೈ ಬಗ್ಗಿದ್ದನ್ನು ನಾನಂತೂ ಕಂಡಿಲ್ಲ. ಇರಲಿ. ಯಾರೋ ಬಳಸಿ ಬಿಟ್ಟಿದ್ದ ಗೇರ್ ಸೈಕಲ್ ಒಂದನ್ನು ತಂದು ಬೆಳಿಗ್ಗೆ ಬೆಳಿಗ್ಗೆ ಕಾಲುವೆಯ ಏರಿ ಮೇಲೆ ಹೋಗತೊಡಗಿದೆ. ನಿಜ ಹೇಳುತ್ತೇನೆ, ಆ ಅರ್ಧ ಗಂಟೆ ನನಗೆ ಪ್ರಾಣವಾಗಿಬಿಟ್ಟಿತು. ಯಾರೂ ಚೀಟಿ ಚಾಚುವುದಿಲ್ಲ, ಯಾರೂ "ಇದು ಊಟಕ್ಕಿಂತ ಮೊದಲೋ ಆಮೇಲೋ" ಅಂತ ಕೇಳುವುದಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ನಡುವೆ ನಾನೊಬ್ಬ.

ಸೈಕಲ್ಲಿನ ಬ್ರೇಕು ಮಾತ್ರ ಹಳೆಯ ರಬ್ಬರಿನದು. ಚಕ್ರದ ಅಂಚಿಗೆ ರಬ್ಬರು ಒತ್ತಿ ನಿಲ್ಲಿಸುವಂಥದ್ದು. ಒಂದು ದಿನ ಮಂಜು ಬಿದ್ದು ಚಕ್ರ ಒದ್ದೆಯಾಗಿತ್ತು. ಎದುರಿಗೆ ಕುರಿ ಹಿಂಡು ಬಂತು. ಬ್ರೇಕು ಹಿಡಿದೆ, ಅದು ನನ್ನನ್ನು ಹಿಡಿಯಲಿಲ್ಲ. ಏರಿ ಇಳಿದು, ಎರಡನೇ ಬೆಳೆಗೆ ಅಂತ ಯಾರೋ ಹಾಕಿದ್ದ ಭತ್ತದ ಸಸಿಮಡಿಯಲ್ಲಿ ಹೋಗಿ ಕೂತೆ.

ಕೆಸರಿನ ಸಮೇತ ಮನೆಗೆ ಬಂದಾಗ ಹೆಂಡತಿ ನನ್ನನ್ನು ನೋಡಲಿಲ್ಲ, ಸೈಕಲ್ಲನ್ನು ನೋಡಿದಳು.

"ಇಕಾ ನೋಡ್ರಿ. ಬರೂ ಐತ್ವಾರ ನಾ ಮಸ್ಕಿಗೆ ಹೊಂಟೀನಿ. ಅಷ್ಟ್ರಾಗ ಬ್ರೇಕ್ ಸರಿ ಮಾಡಿಸ್ಕೊಂಡು ಅಲ್ಲಿಗೇ ತೊಗೊಂಡು ಬರ್ರಿ. ನಾ ನಿಂತಿರ್ತೀನಿ, ನನ್ನ ಮುಂದ ತಂದು ನಿಂದ್ರಸ್ರಿ. ನಿಂದರ್ತೋ, ಸೈಕಲ್ ನಿಮ್ದು. ಇಲ್ಲಂದ್ರ ನನ್ನ ತಮ್ಮಗ ಕೊಟ್ಟು ಬಸ್ ಹತ್ತಿ ಬರ್ರಿ."

ಮಸ್ಕಿ ಅವಳ ತವರು. ತಮ್ಮ ಅಲ್ಲೇ ಇದ್ದಾನೆ. ಬೀಜ ಗೊಬ್ಬರದ ಅಂಗಡಿ. ನನ್ನ ಸೈಕಲ್ಲಿನ ಮೇಲೆ ಅವನ ಕಣ್ಣು ಮೊದಲಿಂದಲೂ ಇತ್ತು. ಸುದ್ದಿ ತಿಳಿದ ಕೂಡಲೇ ಫೋನ್ ಮಾಡಿದ.

"ಮಾಮಾ, ಬ್ರೇಕಿಗೆ ಯಾಕ ರೊಕ್ಕ ಹಾಕ್ತೀರಿ? ಕಾಲಾಗ ಚಪ್ಪಲಿ ಇಲ್ಲೇನು?"

ಕೌಂಟರಿನ ಆಚೆಯಿಂದ

ಡಿಸ್ಕ್ ಬ್ರೇಕ್ ಅಂದರೆ ದೊಡ್ಡ ವಿದ್ಯೆ ಏನಲ್ಲ. ಚಕ್ರದ ನಡುವೆ ತೂತು ತೂತಿನ ಒಂದು ಉಕ್ಕಿನ ಬಿಲ್ಲೆ, ಅದನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯಲು ಎರಡು ಪ್ಯಾಡು. ನೀರು ಬಿದ್ದರೂ ಹಿಡಿಯುತ್ತದೆ. ನನ್ನ ಸೈಕಲ್ಲಿನಲ್ಲಿ ಅದನ್ನು ಕೂರಿಸುವ ಜಾಗವೂ ಇತ್ತು. ಕಡಿಮೆ ಬೆಲೆಯದು ಯಾವುದು ಚೆನ್ನಾಗಿದೆ ಅಂತ ಕೌಂಟರಿನಲ್ಲಿ ಒಬ್ಬರನ್ನು ಕೇಳಿದ್ದೇ ತಪ್ಪಾಯಿತು. ಮಧ್ಯಾಹ್ನದ ಹೊತ್ತಿಗೆ ಕೆಮ್ಮಿನ ಸಿರಪ್ಪಿಗೆ ಬಂದವರೂ ಬ್ರೇಕಿನ ಬಗ್ಗೆ ಕೆಮ್ಮುತ್ತಿದ್ದರು.

ಅವರಲ್ಲಿ ಹಿರಿಯರು ಒಬ್ಬ ನಿವೃತ್ತ ಓವರ್‌ಸಿಯರ್. ಬಿಪಿ ಮಾತ್ರೆಗೆ ಬರುವವರು. ಅವರದೂ ಗೇರ್ ಸೈಕಲ್ಲೇ, ಮುಂದಿನ ಚಕ್ರಕ್ಕೆ ಥಳಥಳಿಸುವ ದುಬಾರಿ ಡಿಸ್ಕು.

"ಒಂದು ಮಾತು ನೆನಪಿಡ್ರಿ," ಅಂತ ಬೆರಳೆತ್ತಿದರು. "ಮುಂದಿನ ಬ್ರೇಕ್ ಯಾವತ್ತೂ ಹಿಡೀಬಾರ್ದು. ಹಿಡಿದ್ರೋ, ಪಲ್ಟಿ! ನಾ ಹಾಕಿಸಿದಾಗಿಂದ ಒಮ್ಮೆನೂ ಮುಟ್ಟಿಲ್ಲ."

ಸೈಕಲ್ ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ ಅಂತ ಎಲ್ಲ ಕಡೆ ಓದಿಕೊಂಡಿದ್ದ ನನಗೆ ತಡೆಯಲಾಗಲಿಲ್ಲ. "ಹಿಡಿಯಂಗಿಲ್ಲಂದ್ರ ಆ ದುಬಾರಿ ಡಿಸ್ಕ್ ಮುಂದ ಯಾಕ ಹಾಕಿಸೀರಿ ಸರ?"

ಅವರು ನನ್ನನ್ನು ಕನಿಕರದಿಂದ ನೋಡಿದರು.

"ಹಿಂದ ಹಾಕಿಸಿದ್ರ ಯಾರಿಗೆ ಕಾಣ್ತೈತ್ರಿ?"

ಲಿಂಗಸುಗೂರಿಗೆ ಸವಾರಿ

ನಮ್ಮೂರಲ್ಲಿ ಒಂದು ಸೈಕಲ್ ತಂಡವಿದೆ. ಅದರ ಮುಖ್ಯಸ್ಥರು ಕಂತ್ರಾಟುದಾರರು. ತಮಗೆ ತಾವೇ ಕ್ಯಾಪ್ಟನ್ ಅಂತ ಹೆಸರು ಕೊಟ್ಟುಕೊಂಡಿದ್ದಾರೆ. ಮೈಗೆ ಅಂಟಿದ ಬಟ್ಟೆ, ಕಪ್ಪು ಕನ್ನಡಕ, ಬೆನ್ನಿಗೆ ನೀರಿನ ಚೀಲ. ಅಷ್ಟೆಲ್ಲ ತೊಟ್ಟು ಅವರು ಹೋಗುವುದು ಸರ್ಕಲ್ಲಿನ ಚಹಾದಂಗಡಿಗೆ.

"ವೈರಿನ ಬ್ರೇಕ್ ಬಡವರ ಬ್ರೇಕ್ ರೀ," ಅಂದರು ನನಗೆ. "ಹಾಕಿದ್ರ ಆಯಿಲ್ ಬ್ರೇಕ್ ಹಾಕ್ಬೇಕು. ನಾಳಿ ಲಿಂಗಸುಗೂರು ರೈಡ್ ಐತಿ, ಬರ್ರಿ, ತೋರಿಸ್ತೀನಿ."

ರೈಡ್ ಅಂದರೆ ಅವರ ಲೆಕ್ಕ ಬೇರೆ. ಸಿಂಧನೂರಿನಿಂದ ಲಿಂಗಸುಗೂರಿನ ಅಂಚಿನವರೆಗೆ ಪಿಕಪ್ ಗಾಡಿಯಲ್ಲಿ ಸೈಕಲ್ ಹೇರಿಕೊಂಡು ಹೋಗುವುದು, ಊರ ಹತ್ತಿರ ಇಳಿಸಿ ಒಂದಿಷ್ಟು ತುಳಿದು ಫೋಟೋ ತೆಗೆಸಿಕೊಳ್ಳುವುದು. ತಮ್ಮ ಸೈಕಲ್ಲಿನ ಎರಡೂ ಚಕ್ರ ಬಿಚ್ಚಿ ಗಾಡಿಯಲ್ಲಿ ಮಲಗಿಸಿದ್ದರು. ನನಗೂ ಅದರ ಪಕ್ಕದಲ್ಲೇ ಜಾಗ ಸಿಕ್ಕಿತು.

ಲಿಂಗಸುಗೂರಿನ ಹೊರಗೆ ಒಂದು ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, ಸೈಕಲ್ ಇಳಿಸಿ ಗೋಡೆಗೆ ಒರಗಿಸಿ, ಚಕ್ರ ಹಾಕುವ ಮೊದಲು ಮಿರ್ಚಿ ತಿನ್ನಲು ಒಳಗೆ ಹೋದೆವು. ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ನಿಂತಿರುವ ಗಾಡಿ ಯಾರದ್ದೇ ಇರಲಿ, ಅದರ ಬ್ರೇಕು ಎರಡು ಸಲ ಹಿಚುಕಿ ನೋಡದೆ ನಮ್ಮ ಜನ ಮುಂದೆ ಹೋಗುವುದಿಲ್ಲ. ನಾವು ಮಿರ್ಚಿ ಮುಗಿಸಿ ಚಹಾ ಕುಡಿಯುವಷ್ಟರಲ್ಲಿ ಬಸ್ಸಿಗೆ ಕಾದವರು, ಬಸ್ಸಿಳಿದವರು, ಎಮ್ಮೆ ಹೊಡೆದುಕೊಂಡು ಹೊರಟವರು ಎಲ್ಲರೂ ಬಂದು ಹಿಚುಕಿ ಹೋಗಿದ್ದರು.

ವೈರಿನ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಈ ಆಯಿಲ್ ಬ್ರೇಕನ್ನು ಚಕ್ರ ಇಲ್ಲದಾಗ ಹಿಚುಕಿದರೆ ಒಳಗಿನ ಎರಡು ಪ್ಯಾಡು ಮುಂದೆ ಸರಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ನಡುವೆ ಬಿಲ್ಲೆ ತೂರುವುದಿಲ್ಲ. ಕ್ಯಾಪ್ಟನ್ ಚಕ್ರ ಹಿಡಿದು ಮೊಣಕಾಲೂರಿದರು. ತಳ್ಳಿದರು, ಬೈದರು, ಹೋಟೆಲಿನವನಿಂದ ಚಮಚ ತರಿಸಿ ಮೀಟಿದರು. ಚಮಚ ಬಗ್ಗಿತು. ಕಡೆಗೆ ಚಕ್ರವನ್ನು ಸುಮ್ಮನೆ ಸೈಕಲ್ಲಿಗೆ ಆನಿಸಿ, ಕಾಣದ ಹಾಗೆ ಕಾಲು ಅಡ್ಡ ಇಟ್ಟು, ಹೆಬ್ಬೆರಳೆತ್ತಿ ಫೋಟೋ ತೆಗೆಸಿಕೊಂಡರು. ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಹೂಗುಚ್ಛಗಳು ಬೀಳತೊಡಗಿದವು.

ಇದನ್ನೆಲ್ಲ ನೋಡುತ್ತ ನಿಂತಿದ್ದ ಎಮ್ಮೆಯವನು ತಲೆದೂಗಿದ.

"ಬ್ರೇಕ್ ಅಂದ್ರ ಹಿಂಗಿರ್ಬೇಕು ನೋಡ್ರಿ. ಗಾಡಿ ಹೊಂಡೂಕಿಂತ ಮೊದ್ಲ ಹಿಡಿದೈತಿ!"

ಒಂದೇ ಫ್ಯಾಕ್ಟರಿ

ಬಡವರ ಬ್ರೇಕೇ ಸಾಕು ಅಂತ ನಿರ್ಧರಿಸಿ ನಮ್ಮೂರಿನ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯಾತ ಎರಡು ಡಬ್ಬಿ ತಂದು ಮುಂದಿಟ್ಟ. ಎರಡೂ ವೈರಿನ ಡಿಸ್ಕ್ ಬ್ರೇಕು. ಒಂದು ಅಗ್ಗ, ಇನ್ನೊಂದು ಅದಕ್ಕಿಂತ ತುಟ್ಟಿ.

"ಏನು ಫರಕು?"

"ಏನೂ ಇಲ್ರಿ ಸಾವ್ಕಾರ್ರ. ಎರಡೂ ಒಂದ ಫ್ಯಾಕ್ಟರಿ ಮಾಲು. ಕಬ್ಬಿಣ ಒಂದ, ಪ್ಯಾಡ್ ಒಂದ. ಇದರ ಮ್ಯಾಲ ಸ್ಟಿಕ್ಕರ್ ಐತಿ, ಅದರ ಮ್ಯಾಲ ಇಲ್ಲ."

"ಮತ್ತ ಇದು ಯಾಕ ಅಷ್ಟು ತುಟ್ಟಿ?"

"ಸ್ಟಿಕ್ಕರ್ ಹಚ್ಚಾಕ ಒಬ್ಬಾಂವ ಬೇಕಲ್ರಿ?"

ಸ್ಟಿಕ್ಕರಿಲ್ಲದ್ದನ್ನೇ ತೆಗೆದುಕೊಂಡೆ. ಅವನು ಒಂದು ಕೈಯಲ್ಲಿ ಫೋನ್ ಹಿಡಿದು ಯಾರಿಗೋ ಬೈಯುತ್ತ, ಇನ್ನೊಂದು ಕೈಯಲ್ಲಿ ಕೂರಿಸಿದ. ನನಗೆ ಒಂದಿಷ್ಟೂ ನಂಬಿಕೆ ಇರಲಿಲ್ಲ. ಆದರೆ ಚಕ್ರವನ್ನು ಜೋರಾಗಿ ತಿರುಗಿಸಿ ಬ್ರೇಕು ಒತ್ತಿದಾಗ, ಕಚಕ್ ಅಂತ ನಿಂತುಬಿಟ್ಟಿತು. ಮತ್ತೆ ತಿರುಗಿಸಿದೆ, ಮತ್ತೆ ನಿಂತಿತು. ಮುಂದಿನದೂ ಹಿಂದಿನದೂ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕಾಲುವೆಯ ಏರಿ ನನಗೇ ಉಳಿಯಿತು ಅಂದುಕೊಂಡೆ.

"ಗ್ಯಾರಂಟಿ ಐತೇನು?" ಅಂತ ಕೇಳಿದೆ.

"ಐತ್ರಿ. ಈ ಬಾಗಿಲ ದಾಟೂ ತನಕ ಐತಿ."

ಮಸ್ಕಿಯ ಇಳಿಜಾರಿನಲ್ಲಿ

ಭಾನುವಾರ ಬೆಳಿಗ್ಗೆ ನೇರ ಮಸ್ಕಿಗೆ ತುಳಿದುಕೊಂಡು ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆಯ ಫೋನ್ ಬಂತು.

"ಅಳಿಯಂದ್ರ, ಹೊಸ ಸಾಮಾನು ಹಾಕಿಸೀರಂತಲ್ಲ. ಪೂಜಿ ಇಲ್ದ ಹತ್ತಬ್ಯಾಡ್ರಿ. ಇಲ್ಲಿಗೆ ತರ್ರಿ, ನಾ ಮಾಡ್ತೀನಿ."

ಅತ್ತೆಯ ಮಾತು ಮೀರುವ ಧೈರ್ಯ ಮಾವನವರಿಗೇ ಇರಲಿಲ್ಲ. ಅಕ್ಕಿ ಗಿರಣಿಯ ತೌಡು ಹೇರಿದ್ದ ಒಂದು ಗೂಡ್ಸ್ ಗಾಡಿ ಸಿಕ್ಕಿತು. ಮೂಟೆಗಳ ಮೇಲೆ ಸೈಕಲ್ ಮಲಗಿಸಿ, ಕ್ಯಾಪ್ಟನ್ನರ ಶೈಲಿಯಲ್ಲೇ ಮಸ್ಕಿ ತಲುಪಿದೆ.

ಅತ್ತೆ ಸಿದ್ಧವಾಗಿ ನಿಂತಿದ್ದರು. ವಿಭೂತಿ, ಕುಂಕುಮ, ನಿಂಬೆಹಣ್ಣು, ಕಾಯಿ, ದೀಪದ ಎಣ್ಣೆಯ ಬಟ್ಟಲು. ಹ್ಯಾಂಡಲ್ಲಿಗೆ ಹಾರ ಹಾಕಿದರು. ಆಮೇಲೆ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ಹೊಸದು ಯಾವುದು ಅಂತ ಕೇಳಿದರು. ನಾನು ಡಿಸ್ಕು ತೋರಿಸಿದೆ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಒಣ ಕುಂಕುಮ ಉಕ್ಕಿನ ಮೇಲೆ ನಿಲ್ಲುವುದಿಲ್ಲ ಅಂತ ಅತ್ತೆ ಅದನ್ನು ಎಣ್ಣೆಯಲ್ಲಿ ಕಲಸಿದರು. ಹಿಂದಿನ ಡಿಸ್ಕಿನ ಮೇಲೆ ಎರಡೂ ಮಗ್ಗುಲಿಗೆ, ಒಂದೊಂದು ತೂತಿನ ಸುತ್ತಲೂ ಬೊಟ್ಟು ಇಟ್ಟರು. ಮದುವಣಗಿತ್ತಿಗೂ ಅಷ್ಟು ನಿಧಾನವಾಗಿ ಯಾರೂ ಇಡುವುದಿಲ್ಲ. ನಾನು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದೆ. ಊರಿನ ತಜ್ಞರನ್ನೆಲ್ಲ ವಾರವಿಡೀ ಆಡಿಕೊಂಡ ಈ ಮಹಾಜ್ಞಾನಿ ಆಗ ಏನಂದ ಗೊತ್ತೇ?

"ಅತ್ತಿ, ಮುಂದಿನದಕ್ಕೂ ಸ್ವಲ್ಪ ಜಾಸ್ತಿ ಹಚ್ರಿ. ಫೋಟೋದಾಗ ಅದ ಕಾಣ್ತೈತಿ."

ಅವರು ಧಾರಾಳವಾಗಿ ಹಚ್ಚಿದರು. ಉಳಿದ ಎಣ್ಣೆಯನ್ನು ತುಕ್ಕು ಹಿಡಿಯದಿರಲಿ ಅಂತ ಅಲ್ಲಿಗೇ ಒರೆಸಿದರು.

ಅತ್ತೆಯ ಮನೆ ಗುಡ್ಡದ ಕಡೆ ಇದೆ. ಮನೆಯಿಂದ ಕೆಳಗಿನ ರಸ್ತೆಯವರೆಗೆ ಒಳ್ಳೆ ಇಳಿಜಾರು. ಕೆಳಗೆ ಹೆಂಡತಿ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. ಅವಳ ಹಿಂದೆ ರಸ್ತೆಯ ಮೇಲೆ ಯಾರೋ ಭತ್ತ ಒಣಹಾಕಿ, ಒಂದು ಕಡೆ ರಾಶಿ ಮಾಡುತ್ತಿದ್ದರು. ಭಾವಮೈದ ಬಾಗಿಲಲ್ಲಿ ನಿಂತು ನನ್ನ ಸೈಕಲ್ಲಿನ ಸೀಟು ತನ್ನ ಎತ್ತರಕ್ಕೆ ಸರಿಯಾದೀತೇ ಅಂತ ಕಣ್ಣಲ್ಲೇ ಅಳೆಯುತ್ತಿದ್ದ.

ನಿಂಬೆಹಣ್ಣು ಚಪ್ಪಟೆ ಮಾಡಿಕೊಂಡು ಸೈಕಲ್ ಹೊರಟಿತು. ಗಾಳಿ ಕಿವಿಗೆ ಬಡಿಯಿತು. ಹೆಂಡತಿಯ ಮುಖ ದೊಡ್ಡದಾಗುತ್ತ ಬಂತು. ಗತ್ತಿನಿಂದ ಎರಡೂ ಬ್ರೇಕು ಒತ್ತಿದೆ.

ಕುಯ್ಯೋ ಅಂತು ಬ್ರೇಕು. ಅಂದಿತೇ ಹೊರತು ಹಿಡಿಯಲಿಲ್ಲ. ಇನ್ನೂ ಒತ್ತಿದೆ, ಇನ್ನೂ ಜೋರಾಗಿ ಕೂಗಿತು.

"ಸರೀ!" ಅಂತ ನಾನೂ ಕೂಗಿದೆ.

"ಸರಿಯಂಗಿಲ್ಲ, ನಿಂದ್ರಸ್ರಿ!" ಅಂದಳು ಅವಳು. ಮದುವೆಯಾದಾಗಿನಿಂದ ನನಗಾಗಿ ಒಮ್ಮೆಯೂ ಸರಿದವಳಲ್ಲ. ಕೊನೇ ಗಳಿಗೆಯಲ್ಲಿ ಸೆರಗು ಹಿಡಿದು ಪಕ್ಕಕ್ಕೆ ಹಾರಿದಳು. ಒಣಹಾಕಿದ್ದ ಭತ್ತ ದಾಟಿ ನಾನು ಸೀದಾ ರಾಶಿಯೊಳಗೆ ಹೊಕ್ಕೆ. ತಲೆ ಒಳಗೆ, ಹಾರ ಹಾಕಿದ ಹ್ಯಾಂಡಲ್ಲು ಹೊರಗೆ.

ಭತ್ತದ ಯಜಮಾನ ಸಲಿಕೆ ಹಿಡಿದು ಓಡಿ ಬಂದ. ಹೊಡೆದೇ ಬಿಟ್ಟ ಅಂದುಕೊಂಡೆ. ಅವನು ಸೈಕಲ್ಲಿನ ಸುತ್ತ ಬಂದು, ರಾಶಿ ಎಲ್ಲಿ ಮುಗಿಯುತ್ತದೆ ಅಂತ ನೋಡಿ, "ಬ್ರೇಕ್ ಚಲೋ ಅದಾವ್ರಿ. ರಾಶಿ ದಾಟೂದ್ರಾಗ ನಿಂತೈತಲ್ಲ," ಅಂದ.

ಕಿವಿಯಿಂದ ಭತ್ತ ತೆಗೆಯುತ್ತ ಡಿಸ್ಕು ಮುಟ್ಟಿ ನೋಡಿದೆ. ಬೆರಳು ಜಾರಿತು. ಪ್ಯಾಡಿಗೆಲ್ಲ ಎಣ್ಣೆ ಕುಡಿಸಿಯಾಗಿತ್ತು. ಎಲ್ಲವೂ ಅರ್ಥವಾಯಿತು, ಆದರೆ ಹೇಳುವುದು ಯಾರಿಗೆ? ನಿಮ್ಮಮ್ಮನ ಪೂಜೆಯಿಂದಲೇ ಬ್ರೇಕು ಕೆಟ್ಟಿತು ಅಂದರೆ ಸೈಕಲ್ ಉಳಿದೀತು, ಊಟ ಉಳಿಯುವುದಿಲ್ಲ. ಮೇಲಾಗಿ ಜಾಸ್ತಿ ಹಚ್ಚಿ ಅಂದವನು ನಾನೇ. ಬಾಯಲ್ಲಿದ್ದ ಭತ್ತದ ಜೊತೆ ಮಾತನ್ನೂ ಉಗುಳದೆ ಇಟ್ಟುಕೊಂಡೆ.

ಹೆಂಡತಿ ಸೈಕಲ್ ಎತ್ತಿ ತಮ್ಮನ ಕೈಗೆ ಕೊಟ್ಟಳು. ಅವನು ಅದನ್ನು ಮೇಲಕ್ಕೆ ತಳ್ಳಿಕೊಂಡು ಹೋಗಿ, ಅದೇ ಇಳಿಜಾರಿನಲ್ಲಿ ಬಾಣದ ಹಾಗೆ ಬಂದು, ಬ್ರೇಕಿಗೆ ಕೈಯನ್ನೇ ಹಾಕದೆ ಎರಡೂ ಚಪ್ಪಲಿ ನೆಲಕ್ಕೆ ಉಜ್ಜಿ ಅಕ್ಕನ ಎದುರು ಗಕ್ಕನೆ ನಿಂತ.

"ಬ್ರೇಕ್ ಹಿಡಿಯೂದು ಅಂದ್ರ ಹಿಂಗ ನೋಡ್ರಿ," ಅಂದಳು ಅವಳು ನನಗೆ.

ಕಾಲುವೆಯ ಏರಿಯ ಮೇಲೆ ಇನ್ನು ನಡೆದೇ ಹೋಗಬೇಕು. ಕಟ್ಟೆಯ ಮೇಲೆ ಕುಸಿದು ಕೂತೆ. ಅತ್ತೆ ನಿಧಾನವಾಗಿ ಇಳಿದು ಬಂದು, ನನ್ನ ತಲೆಗೂದಲಿನಿಂದ ಒಂದೊಂದೇ ಭತ್ತದ ಕಾಳು ಆರಿಸತೊಡಗಿದರು. ಅವರ ಕಣ್ಣಲ್ಲಿ ನಿಜವಾದ ಪಶ್ಚಾತ್ತಾಪವಿತ್ತು.

"ತಪ್ಪು ನಂದ ಐತ್ರಿ ಅಳಿಯಂದ್ರ," ಅಂದರು. ನನ್ನ ಎದೆ ಹಗುರಾಯಿತು. ಒಬ್ಬರಿಗಾದರೂ ತಿಳಿಯಿತಲ್ಲ!

"ಎಣ್ಣಿ ಕಡಿಮಿ ಹಚ್ಚೀನಿ."