ಚಿಕ್ಕಮ್ಮನ ಕಚ್ಚದ ನಾಯಿ

ನಮ್ಮ ಚಿಕ್ಕಮ್ಮನಿಗೆ ತಲೆ ಕೆಟ್ಟಿದೆ ಎಂದು ಆಲ್ದೂರಿನಲ್ಲಿ ಅರ್ಧ ಜನ ಹೇಳುತ್ತಾರೆ. ಉಳಿದರ್ಧ ಜನಕ್ಕೆ ಇನ್ನೂ ಅವರ ಪರಿಚಯವಾಗಿಲ್ಲ.

ಪಿಯುಸಿ ಮುಗಿಸಿ ಮದುವೆಯಾಗಿ ಬಂದವರು, ಇಷ್ಟು ವರ್ಷ ಕಾಫಿ ತೋಟ ನೋಡಿಕೊಂಡು ಸುಮ್ಮನಿದ್ದರು. ನಲವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ, "ಓದು ಅರ್ಧಕ್ಕೆ ನಿಂತಿದೆ, ಮುಗಿಸಿ ಬರ್ತೀನಿ" ಎಂದರು. ಒಲೆ ಮೇಲೆ ಹಾಲಿಟ್ಟು ಬಂದವರು ಹೇಳುವ ಹಾಗೆ! ಚಿಕ್ಕಮಗಳೂರಿನ ಬಸ್ಸು ಹತ್ತಿದರು. ಸಂಜೆ ವಾಪಸ್ ಬರುವಾಗ ಬಿಸಿಎ ವಿದ್ಯಾರ್ಥಿನಿಯಾಗಿದ್ದರು. ಎಲ್ಲ ಬಿಟ್ಟು ಕಂಪ್ಯೂಟರೇ ಯಾಕೆ ಎಂದು ಚಿಕ್ಕಪ್ಪ ಕೇಳಿದರು.

"ಅದ್ರ ಕ್ಯೂ ಚಿಕ್ಕದಿತ್ತು ರೀ."

ಇದಕ್ಕೂ ನನಗೂ ಏನು ಸಂಬಂಧ? ಅದೇ ನನ್ನ ಕರ್ಮ. ನಾನು ಇವರ ಮನೆಯಲ್ಲೇ ಇದ್ದು ತೋಟದ ಕೆಲಸ ಮಾಡುವವನು, ಪಿಕಪ್ ಓಡಿಸುವವನು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಲೆಕ್ಕದ ಮೇಷ್ಟ್ರು ಕೇಳಿದಾಗಲೆಲ್ಲ "ಅರ್ಥ ಆಗ್ಲಿಲ್ಲ ಸಾರ್" ಎನ್ನುತ್ತಿದ್ದೆ. ಅವರು ಹೊರಗೆ ನಿಲ್ಲಿಸುತ್ತಿದ್ದರು. ಹೊರಗೇ ನಿಲ್ಲುವವನು ಅಷ್ಟು ದೂರ ನಡೆದು ಹೋಗಿ ಯಾಕೆ ನಿಲ್ಲಬೇಕು? ಬಿಟ್ಟೆ.

ಚಿಕ್ಕಮ್ಮನದು ಒಂದು ಕಾಯಿಲೆ. ಯಾರಿಗಾದರೂ ಹೇಳಿಕೊಡದೆ ಅವರಿಗೆ ಏನೂ ತಲೆಗೆ ಹೋಗುವುದಿಲ್ಲ. ಅದೂ ಕೈಯಲ್ಲಿ ಕೆಲಸ ಇರಬೇಕು. ಹಾಗಾಗಿ ಕಣದಲ್ಲಿ ಕೂತು ಕಾಫಿ ಬೀಜದಿಂದ ಕಪ್ಪು ಕಾಳು ಆರಿಸುವಾಗ ಪಾಠ ಶುರುವಾಗುತ್ತಿತ್ತು. ಎದುರಿಗೆ ಕೂತು ಆರಿಸುವವನು ನಾನೊಬ್ಬನೇ. ಎದ್ದು ಓಡಿದರೆ ಮಧ್ಯಾಹ್ನದ ಊಟ ಯಾರು ಕೊಡುತ್ತಾರೆ?

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬ ವಿಷಯ ಬಂದಾಗ ಮನೆಯ ನೆಮ್ಮದಿ ಹೋಯಿತು.

"ನಾಯಿ ಅನ್ನೋದು ಕ್ಲಾಸು" ಎಂದರು ಮೊದಲ ದಿನ. "ಅದು ಕಚ್ಚಲ್ಲ. ನಮ್ಮ ಟೈಗರ್ ಆಬ್ಜೆಕ್ಟು. ಅದು ಕಚ್ಚುತ್ತೆ. ಅರ್ಥ ಆಯ್ತಾ?"

"ಆಗ್ಲಿಲ್ಲ ಚಿಕ್ಕಮ್ಮ. ನಾಯಿ ಅಂದ್ಮೇಲೆ ಕಚ್ಚಲೇಬೇಕಲ್ಲ?"

"ಕಚ್ಚೋದು ಹೆಂಗೆ ಅಂತ ಕ್ಲಾಸಲ್ಲಿ ಬರ್ದಿರುತ್ತೆ ಮಾರಾಯ. ಹಲ್ಲು ಇರೋದು ಟೈಗರಿಗೆ."

ಟೈಗರ್ ಅಲ್ಲೇ ಬಿಸಿಲಿಗೆ ಬಿದ್ದುಕೊಂಡು ಎಲ್ಲ ಕೇಳಿಸಿಕೊಂಡಿತು. ಆಮೇಲೆ ಕಾಫಿ ಕೊಳ್ಳುವ ಸಾಹುಕಾರರು ಬಂದಾಗ ಅವರ ಪಂಚೆ ಹಿಡಿದು ಪಾಠ ಒಪ್ಪಿಸಿತು!

ಮುಂದಿನ ವಾರ ಎನ್‌ಕ್ಯಾಪ್ಸುಲೇಷನ್. ಒಳಗಿರುವುದನ್ನು ಹೊರಗಿನವರು ನೇರವಾಗಿ ಮುಟ್ಟಬಾರದು, ಕೇಳಿ ತೆಗೆದುಕೊಳ್ಳಬೇಕು. ಇಷ್ಟೇ ವಿಷಯ. ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಚಿಕ್ಕಮ್ಮ ಅಡುಗೆಮನೆಯನ್ನೇ ಪ್ರೈವೇಟ್ ಮಾಡಿಬಿಟ್ಟರು. ಯಾರೂ ಡಬ್ಬಿಗೆ ಕೈ ಹಾಕುವ ಹಾಗಿಲ್ಲ. ಚಿಕ್ಕಪ್ಪ ಊಟಕ್ಕೆ ಕೂತರು, ಸಾರಿಗೆ ಉಪ್ಪಿಲ್ಲ. ಚಿಕ್ಕಮ್ಮ ಬಚ್ಚಲಲ್ಲಿ. ಪಾಪ, ಬಚ್ಚಲ ಬಾಗಿಲಿಗೆ ಹೋಗಿ ಉಪ್ಪಿಗೆ ಅರ್ಜಿ ಹಾಕಿದರು. ಸ್ನಾನ ಮುಗಿಯುವವರೆಗೆ ಕಾಯಬೇಕೆಂದು ಒಳಗಿನಿಂದ ಅಪ್ಪಣೆಯಾಯಿತು. ಅವತ್ತು ಅವರು ಉಪ್ಪಿಲ್ಲದೆ ಉಂಡರು. ಬಿಪಿಗೆ ಒಳ್ಳೆಯದಾಯಿತು ಎಂದು ಚಿಕ್ಕಮ್ಮ ಅದರ ಕೀರ್ತಿಯನ್ನೂ ಪುಸ್ತಕಕ್ಕೇ ಕೊಟ್ಟರು.

ಪಾಲಿಮಾರ್ಫಿಸಂ ಇನ್ನೂ ಕೆಟ್ಟದು. ಹಿಂದಿನ ಬಾಗಿಲಿಗೆ ಬಂದು "ಬನ್ರೋ" ಎಂದು ಕರೆದರು. ಕೋಳಿಗಳು ರೆಕ್ಕೆ ಬಡಿದು ಬಂದವು. ಟೈಗರ್ ಓಡಿ ಬಂತು. ಚಿಕ್ಕಪ್ಪ ಪೇಪರ್ ಮಡಚಿ, ಕನ್ನಡಕ ತೆಗೆದು, ಆಕಳಿಸಿ, ಆಮೇಲೆ ಬಂದರು. ಕರೆ ಒಂದೇ, ಬರುವ ರೀತಿ ಅವರವರದು, ಇದೇ ಪಾಲಿಮಾರ್ಫಿಸಂ ಎಂದು ನನಗೆ ತೋರಿಸಿದರು. ಚಿಕ್ಕಪ್ಪನಿಗೆ ಬೇಜಾರಾಯಿತು.

"ನನ್ನನ್ನ ನಾಯಿ ಜೊತೆ ಸೇರಿಸ್ದೆಯಲ್ಲೇ."

"ಇನ್ನೂ ಇನ್‌ಹೆರಿಟೆನ್ಸ್, ಅಂದ್ರೆ ಯಾರ ಗುಣ ಯಾರಿಗೆ ಬಂತು ಅನ್ನೋದು, ಹೇಳಿಲ್ಲ ರೀ, ತಡೀರಿ."

ಇಷ್ಟೆಲ್ಲ ಮಾಡಿದವರು ಪರೀಕ್ಷೆಯಲ್ಲಿ ಏನು ಮಾಡಿದರು? ಫೇಲಾದರು. ಬರೆಯುವುದರಲ್ಲಿ ಪಾಸ್. ಲ್ಯಾಬಿನ ಬಾಯಿಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಇಂಗ್ಲಿಷಿನಲ್ಲಿ ಬಡಬಡ ಕೇಳಿದರಂತೆ. ಇವರಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಕ್ಲಾಸಿನಲ್ಲಿ "ಅರ್ಥ ಆಯ್ತಾ" ಎಂದರೆ ಹುಡುಗರೆಲ್ಲ ತಲೆ ಆಡಿಸುತ್ತಾರೆ. ಆಂಟಿಗೆ ಅರ್ಥವಾಗಲಿಲ್ಲ ಎಂದು ಯಾರೂ ನಗಬಾರದೆಂದು ಇವರೂ ಆಡಿಸುತ್ತಿದ್ದರು. ಅದೇ ಅಭ್ಯಾಸ. ಪರೀಕ್ಷಕರ ಎದುರಿಗೂ ಕೊನೆತನಕ ತಲೆ ಆಡಿಸಿ ಬಂದರು.

ಕಾಲೇಜಿನ ಐಡಿ ಕಾರ್ಡನ್ನು ಕೊಡೆ ತೂಗುಹಾಕುವ ಮೊಳೆಗೆ ಸಿಕ್ಕಿಸಿದರು. ಇನ್ನೊಂದು ಸಲ ಕೂರುತ್ತಾರಂತೆ, ಆಗಲೂ ಫೇಲಾದರೆ ಕಾಲೇಜು ಸಾಕಂತೆ. ಜೋರಾಗೇನೂ ಹೇಳಲಿಲ್ಲ. ಅವರು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಡುಗೆಮನೆ ಮತ್ತೆ ಎಲ್ಲರದೂ ಆಯಿತು. ಚಿಕ್ಕಪ್ಪ ತಾವೇ ಉಪ್ಪು ಹಾಕಿಕೊಂಡರು, ಊಟ ಮಾತ್ರ ಸೇರಲಿಲ್ಲ.

ಎರಡನೇ ಸಲ ನಾನೇ ಪಿಕಪ್‌ನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಸೆರಗು ಹಿಡಿದೇ ಕೂತಿದ್ದರು. ಸೆರಗಿನಲ್ಲಿ ಏನೋ ಗಂಟು. ಪ್ರಸಾದ ಇರಬೇಕು ಎಂದುಕೊಂಡೆ.

ಲ್ಯಾಬಿನ ಕಿಟಕಿಯ ಹೊರಗೆ ನಿಂತೆ. ಹೊರಗೆ ನಿಲ್ಲುವುದರಲ್ಲಿ ನನಗೆ ಅನುಭವ ಇದೆ! ಪರೀಕ್ಷಕರು ಏನೋ ಕೇಳಿದರು. ಚಿಕ್ಕಮ್ಮನ ತಲೆ ಮೆಲ್ಲಗೆ ಆಡತೊಡಗಿತು. ಹೋಯಿತು ಎಂದುಕೊಂಡೆ. ತಲೆ ನಿಂತಿತು. ಬಾಯಿ ತೆರೆದು ಏನೋ ಒಂದು ಮಾತು ಹೇಳಿದರು. ಪರೀಕ್ಷಕರು ಮುಖ ಎತ್ತಿ ನೋಡಿ, ಈಗ ನಿಧಾನವಾಗಿ ಮಾತಾಡಿದರು. ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದರು. ಕಾಫಿ ಬೀಜ! ಆರಿಸಲು ಶುರು ಮಾಡಿದ ಮೇಲೆ ಅವರ ಬಾಯಿ ನಿಲ್ಲಿಸುವವರು ಯಾರು? ನಾಯಿ, ಟೈಗರ್, ಉಪ್ಪು, ಕೋಳಿ ಎಲ್ಲ ಬಂದಿರಬೇಕು. ಪರೀಕ್ಷಕರೂ ನಮ್ಮ ಕಡೆಯವರೇ ಏನೋ. ಸ್ವಲ್ಪ ಹೊತ್ತಿನಲ್ಲಿ ಅವರ ಬೆರಳೂ ಕಪ್ಪು ಕಾಳು ಹುಡುಕುತ್ತಿತ್ತು.

ಪಾಸ್ ಎಂದು ಆಮೇಲೆ ಮೊಬೈಲಿಗೆ ಬಂತು. ಪರೀಕ್ಷೆಯ ದಿನ ವಾಪಸ್ ಬರುವಾಗ ನಾನು ಕೇಳಿದ್ದು ಒಂದೇ, ಮೊದಲು ಹೇಳಿದ ಮಾತು ಯಾವುದು?

"'ಅರ್ಥ ಆಗ್ಲಿಲ್ಲ ಸಾರ್, ಇನ್ನೊಂದ್ಸಲ ಕೇಳಿ' ಅಂದೆ" ಎಂದರು. ರಸ್ತೆ ನೋಡುತ್ತಲೇ ಹೇಳಿದರು, "ನೀನು ದಿನಾ ಹೇಳ್ತೀಯಲ್ಲ, ಎಷ್ಟು ಸಲೀಸಾಗಿ. ನೀನು ಆಗ್ಲಿಲ್ಲ ಅಂದಾಗ್ಲೆಲ್ಲ ನಂಗೆ ಇನ್ನೊಂದ್ಸಲ ಕಲಿಯೋಕೆ ಸಿಗುತ್ತೆ ಕಣೋ."

ನಾನು ಗೇರ್ ಬದಲಾಯಿಸಿದೆ. ಬದಲಾಯಿಸುವ ಜಾಗ ಅಲ್ಲ ಅದು.

ಐಡಿ ಕಾರ್ಡ್ ಮೊಳೆಯಿಂದ ಕೊರಳಿಗೆ ಬಂತು. ಮೊನ್ನೆ ಕಣದಲ್ಲಿ ಹೊಸ ವಿಷಯ ಶುರುವಾಗಿದೆ, ಡೇಟಾಬೇಸ್ ಅಂತೆ. ಚಿಕ್ಕಮ್ಮ ಕಾಳು ಆರಿಸುತ್ತಾ ಅರ್ಧ ಗಂಟೆ ಹೇಳಿ, "ಅರ್ಥ ಆಯ್ತೇನೋ?" ಎಂದು ನನ್ನ ಮುಖ ನೋಡಿದರು.

ನಿಜ ಹೇಳಬೇಕೆಂದರೆ, ಅರ್ಥವಾಗಿತ್ತು.

"ಆಗ್ಲಿಲ್ಲ ಚಿಕ್ಕಮ್ಮ" ಎಂದೆ.

ಅವರ ಮುಖ ಅರಳಿತು. ಒಂದಿಷ್ಟು ಬೀಜ ನನ್ನ ಕಡೆ ತಳ್ಳಿ, ಮತ್ತೆ ಮೊದಲಿಂದ ಶುರು ಮಾಡಿದರು.