‘ಅಲ್ಲಿ ಯಾರೂ ಇಡಲ್ಲ’: ಗೋ ಆಡುವ ಯಂತ್ರಕ್ಕೊಂದು ದೂರು

ಮಾನ್ಯ ಗೋ ಯಂತ್ರ ಮಹಾಶಯರ ಸನ್ನಿಧಿಗೆ
(ವಿಳಾಸ ತಿಳಿಯದ ಕಾರಣ ಎಲ್ಲರೂ ಓದುವಂತೆ)

ಮಾನ್ಯರೇ,

ತಮಗೆ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನೆಗಡಿ, ಮಂಡಿನೋವು, ಅಜೀರ್ಣ ಇವೊಂದೂ ತಮ್ಮ ಬಳಿ ಸುಳಿಯುವುದಿಲ್ಲವೆಂದು ಪತ್ರಿಕೆಯಲ್ಲಿ ಓದಿದ್ದೇನೆ, ಆದರೂ ಕ್ಷೇಮ ವಿಚಾರಿಸದೆ ನೇರವಾಗಿ ಜಗಳಕ್ಕಿಳಿಯುವುದು ನನಗೆ ಅಭ್ಯಾಸವಿಲ್ಲ. ತಮ್ಮ ತಂತಿಗಳು ತಂಪಾಗಿರಲಿ, ತಮ್ಮ ಕೋಣೆಯ ಏಸಿ ಎಂದೂ ಕೈಕೊಡದಿರಲಿ. ನಾನು ಯಾರೆಂದು ತಮಗೆ ತಿಳಿದಿರಲಾರದು. ಮೊನ್ನೆ ಆ ದೊಡ್ಡ ಸಭಾಂಗಣದಲ್ಲಿ, ಅಷ್ಟೊಂದು ಕ್ಯಾಮರಾಗಳ ಎದುರು, ತಾವು ಯಾರನ್ನು ಸೋಲಿಸಿದಿರೋ ಆ ವೃತ್ತಿಪರ ಗೋ ಆಟಗಾರರ ಹೆಂಡತಿ ನಾನು. ಅವರು ಸೋತರೆಂದು ನನಗೆ ಹೊಟ್ಟೆಯುರಿ ಎಂದು ದಯವಿಟ್ಟು ತಿಳಿಯಬೇಡಿ. ಅವರು ಸೋಲುವುದನ್ನು ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಒಂದೆರಡು ಸಲ ಒಳಗೊಳಗೇ ಖುಷಿಪಟ್ಟದ್ದೂ ಉಂಟು. ನನ್ನ ದೂರು ಬೇರೆ. ಗೆದ್ದು ಹೋಗುವಾಗ ತಾವು ನಮ್ಮ ಮನೆಯ ಒಂದು ವಾಕ್ಯವನ್ನೂ ಎತ್ತಿಕೊಂಡು ಹೋಗಿದ್ದೀರಿ, ಅದನ್ನು ದಯಮಾಡಿ ವಾಪಸು ಕೊಡಬೇಕು.

ತಮಗೇ ಆಟ ವಿವರಿಸುವುದು ಉದ್ಧಟತನವಾದೀತು, ಆದರೆ ಇದು ಬಹಿರಂಗ ಪತ್ರವಾದ್ದರಿಂದ ನನ್ನ ತಾಯಿಯಂಥವರೂ ಓದುತ್ತಾರೆ. ಹುಡುಗ ಗೋ ಆಡುತ್ತಾನೆ ಎಂದು ಮದುವೆಯ ಮಾತುಕತೆಯಲ್ಲಿ ಕೇಳಿದಾಗ ನನ್ನ ತಾಯಿ ಅವನು ಹಸು ಕಾಯುವವನೆಂದು ತಿಳಿದು, ಹಾಲಿಗಂತೂ ಕೊರತೆಯಾಗದು ಎಂದು ಸಂತೋಷದಿಂದ ಒಪ್ಪಿಕೊಂಡವರು. ಗೆರೆ ಎಳೆದ ಒಂದು ಮರದ ಹಲಗೆ, ಒಬ್ಬರ ಬಳಿ ಕಪ್ಪು ಕಾಯಿ, ಇನ್ನೊಬ್ಬರ ಬಳಿ ಬಿಳಿ ಕಾಯಿ, ಸರದಿಯಂತೆ ಒಂದೊಂದೇ ಕಾಯಿ ಇಡುತ್ತಾ ಯಾರು ಹೆಚ್ಚು ಜಾಗಕ್ಕೆ ಬೇಲಿ ಹಾಕಿಕೊಳ್ಳುತ್ತಾರೋ ಅವರು ಗೆದ್ದಂತೆ. ಇಟ್ಟ ಕಾಯಿಯನ್ನು ಆಮೇಲೆ ಆಚೀಚೆ ಸರಿಸುವಂತಿಲ್ಲ. ಹೀಗಾಗಿ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎನ್ನುವುದೇ ಇಡೀ ಆಟ, ಮತ್ತು ಎಲ್ಲಿ ಇಡಬಾರದು ಎನ್ನುವ ಅರ್ಧದಲ್ಲಿ ನಮ್ಮ ಯಜಮಾನರನ್ನು ಮೀರಿಸಿದವರಿರಲಿಲ್ಲ.

“ಅಲ್ಲಿ ಯಾರೂ ಇಡಲ್ಲ.” ಇದೇ ಆ ವಾಕ್ಯ. ಮಹಡಿಯ ಕೋಣೆಯಲ್ಲಿ ಪಾಠ ಹೇಳುವಾಗ ಶಿಷ್ಯರಿಗೆ ಬೆಳಗಿನಿಂದ ಇದನ್ನೇ ಹೇಳಿ, ನಾಲಿಗೆಯ ತುದಿಯಲ್ಲಿ ಉಳಿದಿದ್ದನ್ನು ಕೆಳಗಿಳಿದು ಬಂದು ನನಗೆ ಹೇಳುತ್ತಿದ್ದರು. ಉಪ್ಪಿನ ಡಬ್ಬಿಯನ್ನು ಒಲೆಯ ಎಡಕ್ಕೆ ಇಟ್ಟರೆ ಅಲ್ಲಿ ಯಾರೂ ಇಡಲ್ಲ, ಛತ್ರಿಯನ್ನು ಬಾಗಿಲ ಹಿಂದೆ ಇಟ್ಟರೆ ಅಲ್ಲಿ ಯಾರೂ ಇಡಲ್ಲ, ಬೀರುವನ್ನು ಕಿಟಕಿಯ ಪಕ್ಕ ಇಟ್ಟರಂತೂ ಪ್ರಪಂಚದಲ್ಲೇ ಯಾರೂ ಇಡಲ್ಲ. ಮಗಳು ಹುಟ್ಟಿದಾಗ ನಾನು ಆಸೆಪಟ್ಟು ಆರಿಸಿದ ಹೆಸರನ್ನು ಕೇಳಿ, ಒಂದು ಕ್ಷಣವೂ ತಡೆಯದೆ, “ಅದನ್ನ ಯಾರೂ ಇಡಲ್ಲ” ಎಂದರು. ಆ ಮಾತನ್ನು ನಾನು ಇನ್ನೂ ಕ್ಷಮಿಸಿಲ್ಲ.

ಹೀಗಿರಲಾಗಿ, ಮಾನ್ಯರೇ, ತಾವು ಅಲ್ಲೇ ಇಟ್ಟಿರಿ.

ತಮಗೆ ಕೈಯಿಲ್ಲದ ಕಾರಣ ತಮ್ಮ ಪರವಾಗಿ ಕನ್ನಡಕದ ಎಂಜಿನಿಯರೊಬ್ಬರು ಯಜಮಾನರ ಎದುರು ಕುಳಿತಿದ್ದರು. ಪಕ್ಕದ ಪರದೆಯಲ್ಲಿ ತಾವು ತೋರಿಸಿದ ಜಾಗ ನೋಡಿಕೊಂಡು ಕಾಯಿ ಇಡುವುದಷ್ಟೇ ಅವರ ಕೆಲಸವೆಂದು ನಾನು ಎಷ್ಟು ಹೇಳಿದರೂ ನನ್ನ ಪಕ್ಕದಲ್ಲಿದ್ದ ಅತ್ತೆ ನಂಬಲಿಲ್ಲ. “ಏನೂ ಗೊತ್ತಿಲ್ಲದವನ ಥರ ಕೂತಿದಾನೆ ನೋಡು, ಒಳಗೊಳಗೇ ಎಲ್ಲಾ ಲೆಕ್ಕ ಹಾಕ್ತಿದಾನೆ” ಎಂದು ಆಟ ಮುಗಿಯುವವರೆಗೂ ಆ ಬಡಪಾಯಿಯನ್ನು ಕಣ್ಣಲ್ಲೇ ಸುಡುತ್ತಿದ್ದರು. ಆಟ ಇನ್ನೂ ಬಿಸಿಯೇರದ ಹೊತ್ತಿಗೆ ಆ ಎಂಜಿನಿಯರ್ ಪರದೆಯನ್ನೊಮ್ಮೆ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿ, ತಮ್ಮ ಕಾಯಿಯನ್ನು ಹಿಂದಿಲ್ಲದ ಮುಂದಿಲ್ಲದ ಒಂದು ಬಯಲಿನಲ್ಲಿ ಒಂಟಿಯಾಗಿ ಇಟ್ಟುಬಿಟ್ಟರು. ವಿವರಣೆ ಹೇಳುತ್ತಿದ್ದವರು ಕೈ ಜಾರಿರಬೇಕು ಎಂದು ನಕ್ಕರು. ನಮ್ಮ ಯಜಮಾನರೂ ಮುಗುಳ್ನಕ್ಕರು. ಅವರ ತುಟಿ ಅಲುಗಿದ್ದನ್ನು ನಾನು ದೂರದಿಂದಲೇ ಓದಿದೆ, ಉಪ್ಪಿನ ಡಬ್ಬಿಯ ಕಾಲದಿಂದಲೂ ನನಗೆ ಆ ಅಲುಗಾಟದ ಪರಿಚಯವಿದೆ. ಮಧ್ಯಾಹ್ನದ ಚಹಾ ಬರುವ ಹೊತ್ತಿಗೆ ಸುತ್ತಲಿನ ಜಗಳಗಳೆಲ್ಲ ಒಂದೊಂದಾಗಿ ಹರಿದು ಬಂದು ಆ ಒಂಟಿ ಕಾಯಿಯ ಕಾಲಿಗೇ ಬಿದ್ದವು, ಯಜಮಾನರ ಬೇಲಿಗಳು ಒಂದಾದ ಮೇಲೊಂದು ಕುಸಿದವು, ಮುಗುಳ್ನಗೆ ಎಲ್ಲಿ ಹೋಯಿತೋ ಕಾಣಲಿಲ್ಲ.

ಅದನ್ನೂ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಈ ಆಟಗಾರರಲ್ಲಿ ಒಂದು ಮರ್ಯಾದೆಯಿದೆ. ಆಟ ಮುಗಿದ ಮೇಲೆ ಗೆದ್ದವರು ಎದ್ದು ಹೋಗುವುದಿಲ್ಲ. ಇಬ್ಬರೂ ಕೂತು ಅದೇ ಕಾಯಿಗಳನ್ನು ಮೊದಲಿನಿಂದ ಮತ್ತೆ ಜೋಡಿಸುತ್ತ, ಇಲ್ಲಿ ಯಾಕೆ ಇಟ್ಟೆ, ಅಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಮಾತಾಡುತ್ತಾರೆ. ಸೋತವರ ಸಂಕಟ ಅರ್ಧ ಇಳಿಯುವುದೇ ಆ ಮಾತಿನಲ್ಲಿ. ಯಜಮಾನರು ಎಂದಿನಂತೆ ಕಾಯಿಗಳನ್ನು ಜೋಡಿಸಿ, ತಲೆಯೆತ್ತಿ, “ಅಲ್ಲಿ ಯಾಕೆ ಇಟ್ರಿ?” ಎಂದು ಕೇಳಿದರು. ಎಂಜಿನಿಯರ್ ತಪ್ಪು ಮಾಡಿದವರಂತೆ ನೋಡಿ, “ನನಗೂ ಗೊತ್ತಿಲ್ಲ ಸರ್, ಪರದೆ ಮೇಲೆ ಹಾಗೆ ಬಂತು” ಎಂದರು. ತಾವು ಅಷ್ಟರಲ್ಲಿ ಆರಿಹೋಗಿದ್ದಿರಿ.

ಆ ದಿನ ಮನೆಗೆ ಬಂದವಳು ಆಯಾಸದಲ್ಲಿ ನೀರು ತೊಟ್ಟಿಕ್ಕುವ ಛತ್ರಿಯನ್ನು ಊಟದ ಮೇಜಿನ ಮೇಲೇ ಇಟ್ಟು, ಬರಬೇಕಾದ ವಾಕ್ಯಕ್ಕಾಗಿ ಬೆನ್ನು ಗಟ್ಟಿ ಮಾಡಿಕೊಂಡು ನಿಂತೆ. ಯಜಮಾನರು ಛತ್ರಿಯನ್ನು ಬಹಳ ಹೊತ್ತು ನೋಡಿದರು. ಕೊನೆಗೆ, “ಇರಲಿ, ಅಲ್ಲಿ ಇಟ್ಟಿದ್ದರ ಪ್ರಯೋಜನ ಮುಂದೆ ಗೊತ್ತಾಗಬಹುದು” ಎಂದರು.

ಸುಳ್ಳು ಯಾಕೆ ಹೇಳಲಿ, ಆ ಕ್ಷಣ ತಮ್ಮನ್ನು ಮನಸಾರೆ ಹರಸಿದೆ. ಉಪ್ಪಿನ ಡಬ್ಬಿ ಎಡಕ್ಕೆ ಬಂತು. ಬೀರು ಕಿಟಕಿಯ ಪಕ್ಕಕ್ಕೆ ಬಂತು. ಅಲ್ಲಿಗೆ ನಿಲ್ಲಿಸಬೇಕಾಗಿತ್ತು, ಆದರೆ ಬಾಗಿಲು ತೆರೆದ ಮೇಲೆ ಯಾರು ನಿಲ್ಲುತ್ತಾರೆ? ಫ್ರಿಜ್ಜನ್ನು ನಡುಮನೆಗೆ ಎಳೆದು ತಂದು ಸೋಫಾಗಳ ಮಧ್ಯೆ ಅತಿಥಿಯಂತೆ ನಿಲ್ಲಿಸಿದೆ. ಚಪ್ಪಲಿ ಸ್ಟ್ಯಾಂಡು ಪುಸ್ತಕದ ಕಪಾಟಿನ ನೆತ್ತಿಯೇರಿತು. ಹಗ್ಗ ಬಿಚ್ಚಿದಂತೆ ಅತ್ತೆಗೂ ಹುರುಪು ಬಂದು, ಹಲ್ಲಿನ ಸೆಟ್ಟು ನೆನೆಸುವ ಲೋಟವನ್ನು ಟೀವಿಯ ಮುಂದೆ ಇಟ್ಟು, ಸುದ್ದಿ ಓದುವವಳು ಆ ಹಲ್ಲನ್ನೇ ಹಾಕಿಕೊಂಡಂತೆ ಕಾಣುತ್ತಾಳೆಂದು ಬಿದ್ದು ಬಿದ್ದು ನಕ್ಕರು. ಯಜಮಾನರು ಎಲ್ಲದರ ಸುತ್ತಲೂ ಗೌರವದಿಂದ ಒಂದು ಸುತ್ತು ಬಂದು, “ಇರಬಹುದು, ನಮಗೆ ಕಾಣದ್ದು ಏನೋ ಇರಬಹುದು” ಎನ್ನುತ್ತಿದ್ದರು. ನಾನು ಪಲ್ಯ ಸೀಯಿಸಿದ ದಿನವೂ ಒಂದು ತುತ್ತು ಬಾಯಿಗಿಟ್ಟು ಕಣ್ಣುಮುಚ್ಚಿ, ಇದಕ್ಕೂ ದೂರದ ಉದ್ದೇಶವೇನಾದರೂ ಇದೆಯೇ ಎಂದು ವಿನಯದಿಂದ ವಿಚಾರಿಸಿದರು.

ಮಹಡಿಯಲ್ಲಿ ಶಿಷ್ಯರಿಗೂ ಸುಗ್ಗಿ. ಆಟ ಕಲಿತು ಇನ್ನೂ ತಿಂಗಳಾಗದ ದಂತವೈದ್ಯರೊಬ್ಬರು ಕಣ್ಣಿಗೆ ಬಿದ್ದಲ್ಲಿ ಕಾಯಿ ಇಟ್ಟು, “ಇದು ಯಂತ್ರದ ನಡೆ ಸರ್” ಎಂದು ಎದೆಯುಬ್ಬಿಸುವುದು, ಗುರುಗಳು ಗಲ್ಲಕ್ಕೆ ಕೈಕೊಟ್ಟು ಮಧ್ಯಾಹ್ನವಿಡೀ ಅದರ ಆಳ ಹುಡುಕುವುದು ನಡೆಯಿತು. ತಪ್ಪು ಎನ್ನುವ ಪದವೇ ನಮ್ಮ ಮನೆಯಿಂದ ಗುಳೆ ಎದ್ದಿತ್ತು. ಇಂಥ ಸುಖವನ್ನು ಯಾವ ಸರ್ಕಾರವೂ ಇದುವರೆಗೆ ಯಾವ ಗೃಹಿಣಿಗೂ ಕೊಟ್ಟಿಲ್ಲವೆಂದು ಕೃತಜ್ಞತೆಯಿಂದ ದಾಖಲಿಸುತ್ತೇನೆ.

ಆಮೇಲೆ ಒಂದು ಬೆಳಿಗ್ಗೆ ಯಜಮಾನರು ಆಟಗಾರರ ಸಂಘಕ್ಕೆ ಫೋನು ಮಾಡಿ, ಈ ಸಲದ ಪ್ರಶಸ್ತಿ ಪಂದ್ಯಕ್ಕೆ ತಾನು ಬರುವುದಿಲ್ಲ, ಬೇರೆ ಯಾರನ್ನಾದರೂ ಆಡಿಸಿ ಎಂದರು. ಎದುರಾಳಿ ಅವರ ಹಳೆಯ ಗೆಳೆಯ. ಇಬ್ಬರೂ ಮೀಸೆ ಚಿಗುರುವ ಮುಂಚಿನಿಂದ ಒಬ್ಬರಿಗೊಬ್ಬರು ಸೋಲುತ್ತ ಬಂದವರು, ಆ ಪಂದ್ಯಕ್ಕಾಗಿ ಇವರು ವರ್ಷವಿಡೀ ಕಾಯುತ್ತಾರೆ. ಯಾಕೆ ಎಂದು ಕೇಳಿದೆ. “ಎಲ್ಲಿ ಇಡಬೇಕು ಅಂತಾನೇ ಗೊತ್ತಾಗ್ತಿಲ್ಲ. ಎಲ್ಲಿಟ್ಟರೂ ಆಗುತ್ತೆ ಅಂತಾದರೆ ಯಾತಕ್ಕೆ ಇಡಬೇಕು?” ಎಂದು ಫ್ರಿಜ್ಜಿನ ಪಕ್ಕದ ಸೋಫಾದಲ್ಲಿ ಕೂತರು. ನನಗೆ ಹೆದರಿಕೆಯಾಯಿತು. ಬಯ್ಯುವ ಗಂಡನೊಡನೆ ಬಾಳುವುದು ನನಗೆ ಬರುತ್ತದೆ, ಎಲ್ಲದಕ್ಕೂ ಇರಲಿ ಎನ್ನುವ ಗಂಡನೊಡನೆ ಬಾಳುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ತಾವು ಬಿಡುವು ಮಾಡಿಕೊಂಡು ಒಮ್ಮೆ ನಮ್ಮ ಮನೆಗೆ ಬರಬೇಕು. ಕುಳಿತುಕೊಳ್ಳಲು ದೇಹವಿಲ್ಲದಿದ್ದರೆ ಕುರ್ಚಿಯನ್ನು ಖಾಲಿ ಬಿಡುತ್ತೇವೆ, ಅದರ ಮೇಲೆ ತಾವಿದ್ದೀರೆಂದು ಒಪ್ಪಿಕೊಳ್ಳುತ್ತೇವೆ. ಆ ಒಂಟಿ ಕಾಯಿಯನ್ನು ಅಲ್ಲಿ ಯಾಕೆ ಇಟ್ಟಿರಿ ಎಂದು ಒಂದೇ ಒಂದು ಮಾತು ಹೇಳಬೇಕು. ಕಾರಣ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ನಾಚಿಕೊಂಡಾದರೂ ಹೇಳಬೇಕು. ಸಾಧ್ಯವಾದರೆ ನಮ್ಮತ್ತೆಯೊಡನೆ ಒಂದು ಆಟ ಆಡಿ ಸೋಲಬೇಕು. ಅವರು ನಡುನಡುವೆ ಕಾಯಿಗಳನ್ನು ಸೆರಗಿನಡಿ ಸರಿಸುತ್ತಾರೆ, ತಾವು ಕಂಡೂ ಕಾಣದಂತಿರಬೇಕು. ಸೋತ ಮೇಲೆ ಊಟ ಬೇಡವೆಂದು ಮುಖ ತಿರುಗಿಸಿ ಮಲಗಬೇಕು, ಆಗ ಮಾತ್ರ ತಮ್ಮನ್ನು ನಾವು ಆಟಗಾರರೆಂದು ಕರೆಯುತ್ತೇವೆ.

ಇಷ್ಟು ಬರೆದು, ತಮಗೆ ಎಲ್ಲಿಗೆ ಕಳಿಸುವುದೆಂದು ತಿಳಿಯದೆ ಕಾಗದವನ್ನು ಫ್ರಿಜ್ಜಿನ ಮೇಲಿಟ್ಟಿದ್ದೆ. ನಿನ್ನೆ ಮಧ್ಯಾಹ್ನ ನೋಡಿದರೆ ಯಜಮಾನರು ಕಾಯಿಗಳನ್ನೆಲ್ಲ ಒರೆಸಿ ಡಬ್ಬಿಗೆ ತುಂಬಿ, ಹಲಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಎತ್ತಿಕೊಂಡು ಬಂದು ನನ್ನ ಮುಂದೆ ನಿಂತರು. “ಇದನ್ನ ಎಲ್ಲಿ ಇಡಬಹುದು?” ಎಂದು ಕೇಳಿದರು. ಬದುಕಿಡೀ ಎಲ್ಲಿ ಇಡಬಾರದೆಂದು ನನಗೆ ಹೇಳಿದ ಮನುಷ್ಯ ಹಾಗೆ ಕೇಳುವುದೇ! ಅಟ್ಟದಲ್ಲಿ ಜಾಗವಿತ್ತು. ಇಲ್ಲೇ ಇಡಿ ಎಂದು ಊಟದ ಮೇಜು ತೋರಿಸಿ, ಛತ್ರಿಯನ್ನು ಪಕ್ಕಕ್ಕೆ ತಳ್ಳಿ, ನಾನೇ ಬೆಡ್‌ಶೀಟು ಬಿಚ್ಚಿ, ಡಬ್ಬಿಯಿಂದ ಒಂದು ಕಪ್ಪು ಕಾಯಿ ತೆಗೆದು ಹಲಗೆಯ ಮೇಲೆ ಟಪ್ಪೆಂದು ಇಟ್ಟೆ.

ಎಲ್ಲಿ ಎಂದು ಕೇಳಬೇಡಿ. ಅಂಚಿನ ಗೆರೆಯ ಮೇಲೆ, ಇನ್ನೇನು ಕೆಳಗೆ ಬೀಳುತ್ತದೆ ಅನ್ನುವ ಜಾಗದಲ್ಲಿ. ಯಜಮಾನರು ನಿಂತಲ್ಲೇ ನೋಡಿದರು, ಆಮೇಲೆ ಕೂತು ನೋಡಿದರು. ತಮ್ಮ ಒಂಟಿ ಕಾಯಿಗೆ ಕೊಟ್ಟಷ್ಟೇ ಮರ್ಯಾದೆಯನ್ನು ನನ್ನದಕ್ಕೂ ಕೊಟ್ಟು, ನಾಲ್ಕೂ ದಿಕ್ಕಿನಿಂದ ಅದರ ಭವಿಷ್ಯ ಲೆಕ್ಕ ಹಾಕಿದರು. ಚಹಾ ಕೆನೆಗಟ್ಟಿತು. ಅತ್ತೆ ಬಂದು ಇಣುಕಿ, ಮಗ ನಿದ್ದೆ ಹೋಗಿರಬೇಕೆಂದು ಹೊದಿಕೆ ತರಲು ಹೋದರು. ಕೊನೆಗೆ ಯಜಮಾನರು ತಲೆಯೆತ್ತಿ, ಅಂದು ಆ ಎಂಜಿನಿಯರನ್ನು ಕೇಳಿದ ಅದೇ ದನಿಯಲ್ಲಿ, “ಅಲ್ಲಿ ಯಾಕೆ ಇಟ್ಟೆ?” ಎಂದು ಕೇಳಿದರು.

“ಅಲ್ಲಿ ಖಾಲಿ ಇತ್ತು ರೀ” ಎಂದೆ.

ಅವರು ಕಾಯಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು, ಭುಜ ಕುಲುಕಿತು, ಮೇಜು ಕುಲುಕಿ ಡಬ್ಬಿಯ ಕಾಯಿಗಳೆಲ್ಲ ಗಲಗಲ ಎಂದವು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ಹಲಗೆ ಸುತ್ತಿದ್ದ ಬೆಡ್‌ಶೀಟಿನಲ್ಲೇ ಮುಖ ಒರೆಸಿಕೊಂಡರು. ನನ್ನ ಕಾಯಿಯನ್ನು ಎತ್ತಿ ನನ್ನ ಅಂಗೈಗೆ ಹಾಕಿ, ಮಾನ್ಯರೇ, ಅವರು ಹೇಳಿದರು: “ಅಲ್ಲಿ ಯಾರೂ ಇಡಲ್ಲ ಕಣೇ.” ಆ ಯಂತ್ರ ಇಟ್ಟಿತಲ್ಲ ಎಂದು ನಾನು ವಾದಕ್ಕೆ ನಿಂತೆ. “ಇಟ್ಟಿತು. ಯಾಕೆ ಅಂತ ಅದನ್ನ ಕೇಳೋಕಾಗಲ್ಲ. ನಿನ್ನ ಕೇಳಿದೆ, ನೀನು ಹೇಳಿದೆ. ಕೂತ್ಕೋ, ಇನ್ನೊಂದು ಇಡು” ಎಂದರು. ಸಂಜೆಯವರೆಗೂ ಇಟ್ಟೆ. ಇಟ್ಟದ್ದಕ್ಕೆಲ್ಲ ಬೈಸಿಕೊಂಡೆ. ಇಷ್ಟು ಸುಖವಾಗಿ ನಾನು ಬೈಸಿಕೊಂಡದ್ದೇ ಇಲ್ಲ.

ಆಟ ಮುಗಿಸಿ ಎದ್ದವರು ಮೊದಲು ಸಂಘಕ್ಕೆ ಫೋನು ಮಾಡಿ, ಪಂದ್ಯಕ್ಕೆ ನಾನೇ ಬರುತ್ತೇನೆ ಎಂದರು. ಆಮೇಲೆ ತಿರುಗಿ ನೋಡಿ, “ಈ ಫ್ರಿಜ್ಜು ಯಾಕೆ ಇಲ್ಲಿದೆ? ಇಲ್ಲಿ ಯಾರೂ ಇಡಲ್ಲ” ಎಂದರು. ನನಗೆ ಕುಣಿಯಬೇಕೆನ್ನಿಸಿತು, ಅದರ ಜೊತೆಗೇ ಮೈಯೆಲ್ಲ ಉರಿಯಿತು. ಆದ್ದರಿಂದ ಮೇಲಿನ ದೂರನ್ನು ಅರ್ಧ ಮಾತ್ರ ಹಿಂದಕ್ಕೆ ಪಡೆಯುತ್ತಿದ್ದೇನೆ. ಆ ವಾಕ್ಯವನ್ನು ನಮ್ಮ ಮನೆಯಲ್ಲಿ ಹಲಗೆಗೆ ಮಾತ್ರ ಅನ್ವಯವಾಗುವಂತೆ, ಪೀಠೋಪಕರಣಗಳಿಗೆ ಅನ್ವಯವಾಗದಂತೆ ತಿದ್ದುಪಡಿ ಮಾಡಲು ತಮ್ಮ ಅಪಾರ ಬುದ್ಧಿಶಕ್ತಿಗೆ ಸಾಧ್ಯವೇ ಎಂದು ದಯಮಾಡಿ ಪರಿಶೀಲಿಸಬೇಕು.

ನಡುಮನೆಯಲ್ಲಿ ಫ್ರಿಜ್ಜಿಗೆ ಒರಗಿಕೊಂಡು,
ಇಷ್ಟರ ಮೇಲೂ ತಮ್ಮ ವಿಶ್ವಾಸಿ,
ಸೋತವರ ಹೆಂಡತಿ

ವಿ.ಸೂ.: ತಮ್ಮ ವಿಳಾಸ ಹುಡುಕುವಷ್ಟರಲ್ಲಿ ಪಂದ್ಯವೂ ಮುಗಿಯಿತು. ಯಜಮಾನರು ಮೊದಲ ಕಾಯಿಯನ್ನೇ ಅಂಚಿನ ಗೆರೆಯ ಮೇಲೆ, ಇನ್ನೇನು ಕೆಳಗೆ ಬೀಳುತ್ತದೆ ಅನ್ನುವ ಜಾಗದಲ್ಲಿ ಇಟ್ಟು, ಕೈಕಟ್ಟಿ ಕೂತರು. ಎದುರಿಗಿದ್ದ ಆ ಹಳೆಯ ಗೆಳೆಯರು ಅದರ ಒಳಗುಟ್ಟು ಹುಡುಕುತ್ತ ಆಟಕ್ಕೆ ಕೊಟ್ಟಿದ್ದ ಸಮಯವನ್ನೆಲ್ಲ ಅದರ ಮೇಲೇ ಸುರಿದು, ಕೊನೆಗೆ ಗಡಿಬಿಡಿಯಲ್ಲಿ ಅರ್ಧ ಅಂಕದಿಂದ ಸೋತರು. ಆಟ ಮುಗಿದ ಮೇಲೆ ಇಬ್ಬರೂ ಕೂತು ಕಾಯಿ ಜೋಡಿಸುವಾಗ ಅವರು ಅಲ್ಲಿ ಯಾಕೆ ಇಟ್ಟೆ ಎಂದು ಕೇಳಿದರಂತೆ, ಇವರು ಅಲ್ಲಿ ಖಾಲಿ ಇತ್ತು ಎಂದರಂತೆ, ಇಬ್ಬರೂ ನಕ್ಕ ನಗುವಿಗೆ ಸಭಾಂಗಣದವರು ಓಡಿ ಬಂದರಂತೆ. ಪತ್ರಿಕೆಗಳು ಆ ನಡೆಯನ್ನು ಯಂತ್ರದಿಂದ ಕಲಿತದ್ದು ಎಂದು ಬರೆದಿವೆ. ಅದು ನನ್ನದು, ತಾವು ತಿದ್ದುಪಡಿ ಪ್ರಕಟಿಸಿದರೆ ಉಪಕಾರವಾಗುತ್ತದೆ. ಆಮೇಲೆ ಯಾರೋ ತಮ್ಮನ್ನೇ ಕೇಳಿದಾಗ, ಇಡೀ ಆಟದಲ್ಲಿ ಅದಕ್ಕಿಂತ ಕೆಟ್ಟ ನಡೆಯಿಲ್ಲ, ಅಲ್ಲಿ ಇಡಲೇಬಾರದಿತ್ತು ಎಂದು ತಾವು ಪರದೆಯ ಮೇಲೆ ಲೆಕ್ಕ ತೋರಿಸಿದಿರೆಂದು ತಿಳಿಯಿತು. ಎತ್ತಿಕೊಂಡು ಹೋದ ವಾಕ್ಯ ತಮಗೂ ಅಂಟಿದೆಯೆಂದು ಇದರಿಂದ ಖಾತ್ರಿಯಾಯಿತು. ಬೇಗ ಗುಣವಾಗಲಿ. ನಮ್ಮ ಮನೆಯಲ್ಲಂತೂ ಅದಕ್ಕೆ ಇದುವರೆಗೆ ಮದ್ದು ಸಿಕ್ಕಿಲ್ಲ.