ಅತ್ತೆಯವರು ಕುಳಿತರಷ್ಟೇ ಓಡುವ ಪಂಪಿನವರಿಗೆ

ಬೇಸ್‌ಮೆಂಟಿನ ಮೂಲೆಯನ್ನು ಬೆಳಗುತ್ತಿರುವ ಮಾನ್ಯ ಪಂಪಿನವರ ಸನ್ನಿಧಿಗೆ,

ಕೆನಡಾದ ಮಾಲ್ಟನ್ನಿನ ಈ ಹಳೆಯ ಮನೆಯ ಸೊಸೆ ದ್ರಾಕ್ಷಾಯಿಣಿ, ಸ್ವೆಟರು ಕಳಚಿಟ್ಟು, ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ಬಾಯ್ಲರು ಕಾಯಿಸಿದ ನೀರನ್ನು ಕೋಣೆಕೋಣೆಯ ರೇಡಿಯೇಟರುಗಳಿಗೆ ತಳ್ಳುವುದೊಂದೇ ತಮ್ಮ ಕೆಲಸವಾದರೂ, ಆ ಕೃಪೆ ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬುದನ್ನು ತಾವು ಮುಖ ನೋಡಿ ತೀರ್ಮಾನಿಸುತ್ತೀರೆಂದು ಈ ಜನವರಿಯವರೆಗೆ ನಮಗ್ಯಾರಿಗೂ ತಿಳಿದಿರಲಿಲ್ಲ.

ನನ್ನ ನಾದಿನಿ ಮಾಧುರಿಯ ಕುಬಸಕ್ಕೆ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವ ಶುಭದಿನಕ್ಕೆ, ನಾವು ಊರನ್ನೆಲ್ಲ ಕರೆದಿದ್ದ ವಾರವನ್ನೇ ಆರಿಸಿಕೊಂಡು ತಾವು ಕೆಲಸ ನಿಲ್ಲಿಸಿದ ಸಮಯಪ್ರಜ್ಞೆಗೆ ಯಾರಾದರೂ ತಲೆದೂಗಬೇಕು. ಬಾಯ್ಲರು ಕೊತಕೊತ ಕುದಿಯುತ್ತಿತ್ತು. ರೇಡಿಯೇಟರುಗಳು ಮಾತ್ರ ಶವದಂತೆ ತಣ್ಣಗಿದ್ದವು. ಓಕ್‌ವಿಲ್‌ನ ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕಿಯೇ ಸಂಬಳ ಪಡೆಯುವ ನನ್ನ ಯಜಮಾನರು ನಿಜಗುಣ ಮೀಟರು ಹಿಡಿದು ಕೆಳಗಿಳಿದರೆ, ತಾವು ಸೊಗಸಾಗಿ ಗುಂಯ್‌ಗುಡುತ್ತಿದ್ದಿರಿ. ‘ಕರೆಂಟು ಬರಾಕತ್ತೈತಿ, ಎಲ್ಲಾ ಬರೋಬ್ಬರಿ ಐತಿ’ ಎಂದು ಅವರು ಮೇಲೆ ಬಂದು ಹೇಳಿದರು, ಆ ಸಿಹಿಸುದ್ದಿ ಕೇಳಲು ಅವರ ತಾಯಿ ದ್ಯಾಮವ್ವನವರು ಸೋಫಾದಿಂದ ಎದ್ದು ಬಂದರು, ತಾವು ನಿಂತುಬಿಟ್ಟಿರಿ. ಥರ್ಮೋಸ್ಟಾಟು ಹೊಸದು ಬಂತು, ಬ್ರೇಕರು ಹೊಸದು ಬಂತು, ತಮ್ಮ ಮನಸ್ಸು ಮಾತ್ರ ಕರಗಲಿಲ್ಲ.

ಧಾರವಾಡದಿಂದ ಮಗಳ ಬಾಣಂತನಕ್ಕೆಂದು ಬಂದಿದ್ದ ಅತ್ತೆಯವರೇ ತಮ್ಮ ಒಳಮನಸ್ಸನ್ನು ಮೊದಲು ಓದಿದ್ದು. ‘ನಾ ಕುಂತ್ರ ಮನಿ ಬೆಚ್ಚಗಾಗ್ತೈತಿ, ನಾ ಎದ್ರ ತಣ್ಣಗಾಗ್ತೈತಿ. ಮಷೀನಿಗೆ ಗೊತ್ತೈತಿ ನೋಡ್ ದ್ರಾಕ್ಷಿ, ಈ ಮನಿಗೆ ಹಿರೇರು ಯಾರು ಅನ್ನೂದು’ ಎಂದು ಅವರು ಕಿಟಕಿ ಪಕ್ಕದ ಸೋಫಾದಲ್ಲಿ ಪಟ್ಟಕ್ಕೇರಿದರು. ಹಾಸ್ಯವೆಂದುಕೊಂಡ ನಾನು ಅವರು ಸ್ನಾನಕ್ಕೆ ಹೋದಾಗ ಅದೇ ಜಾಗದಲ್ಲಿ ಕುಳಿತೆ, ತಾವು ಮಿಸುಕಲಿಲ್ಲ. ಒಮ್ಮೆ ಎದ್ದು ಧೊಪ್ಪನೆ ಕುಳಿತೆ, ಆಗಲೂ ಇಲ್ಲ. ಮೈಕೊರೆಯುವ ಚಳಿಯಲ್ಲಿ ವಿಮಾನನಿಲ್ದಾಣದ ಪಾಳಿ ಮುಗಿಸಿ ಬಂದು, ತಮ್ಮ ಬಾಯ್ಲರಿನ ಧೂಳನ್ನು ಸ್ವಹಸ್ತದಿಂದ ಒರೆಸುವ ಸೊಸೆಗೆ ತಾವು ಕೊಟ್ಟ ಮರ್ಯಾದೆಯನ್ನು ನಾನು ಜನ್ಮದಲ್ಲಿ ಮರೆಯಲಾರೆ. ಅಂದಿನಿಂದ ಚಹಾ, ಅವಲಕ್ಕಿ, ಕನ್ನಡಕ, ಮೊಬೈಲು ಎಲ್ಲವನ್ನೂ ಸಿಂಹಾಸನದ ಬಳಿಗೇ ಸಾಗಿಸಿ, ತಮ್ಮ ದಯೆಯಿಂದ ನಾನು ಬೆಚ್ಚಗಿದ್ದೆ, ಓಡಾಡಿ ಓಡಾಡಿ.

ಕುಬಸದ ದಿನ ಬಂದಿತು. ರೇಷ್ಮೆ ಸೀರೆಯ ಮೇಲೆ ಹಿಮದ ಜಾಕೆಟು ತೊಟ್ಟ ಮಹಿಳೆಯರಿಂದ ನಡುಮನೆ ತುಂಬಿತು. ಆರತಿಗೆ ಅತ್ತೆಯವರು ಏಳಲೇಬೇಕು, ಎದ್ದರು, ತಾವು ಮಲಗಿದಿರಿ. ‘ಅವ್ವಾ, ಆರತಿ ಕುಂತೇ ಮಾಡು, ನನ್ನ ಕಾಲು ಫ್ರೀಜ್ ಆಗಾಕತ್ತಾವು’ ಎಂದು ಮಾಧುರಿ ಹಲ್ಲು ಕಟಕಟಿಸಿದಾಗ, ಮೈ ಬೆಚ್ಚಗಾಗಲೆಂದು ಯಾರೋ ಫುಗಡಿ ಆಡೋಣವೆಂದರು. ಎದುರುಬದುರು ಕೈ ಹಿಡಿದು ಗಿರಗಿರನೆ ತಿರುಗುವ ಈ ಆಟಕ್ಕೆ ನನ್ನ ಕೈಗೆ ಸಿಕ್ಕಿದ್ದು, ವಿಧಿ ಬಲ್ಲದೋ ತಾವು ಬಲ್ಲಿರೋ, ಅತ್ತೆಯವರ ಕೈ. ನಾವಿಬ್ಬರೂ ನೆಲ ನಡುಗುವಂತೆ ತಿರುಗಿದೆವು. ತಾವು ಕೆಳಗೆ ಗುಂಯ್, ಗಪ್, ಗುಂಯ್, ಗಪ್ ಎಂದು ತಾಳ ಹಾಕಿದಿರಿ. ಜನ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಅಷ್ಟರಲ್ಲಿ ಬೇಸ್‌ಮೆಂಟಿನಿಂದ ಮೀಟರು ಹಿಡಿದು ಮತ್ತೆ ಕೆಳಗಿಳಿದಿದ್ದ ಯಜಮಾನರ ಕೂಗು: ‘ನಿಲ್ಲಬ್ಯಾಡ್ರಿ! ಅಲ್ಲೇ ಕುಣೀರಿ! ಸಿಕ್ತು, ಸಿಕ್ತು!’

ಸಿಕ್ಕಿದ್ದು ಇದು. ತಮಗೆ ವಿದ್ಯುತ್ತು ತರುವ ತಂತಿಗಳ ಜೋಡಣೆಯ ಪೆಟ್ಟಿಗೆಯನ್ನು ಯಾವನೋ ಪುಣ್ಯಾತ್ಮ ಸೋಫಾದ ಕೆಳಗಿನ ಮರದ ತೊಲೆಗೆ ಬಡಿದಿದ್ದ. ಒಳಗೆ ಒಂದು ತಂತಿ ಸಡಿಲವಾಗಿತ್ತು. ತೊಲೆ ಬಾಗಿದರೆ ತಾಕುತ್ತಿತ್ತು, ನೆಟ್ಟಗಾದರೆ ಬಿಡುತ್ತಿತ್ತು. ಅತ್ತೆಯವರ ಭಾರಕ್ಕೆ ಬಾಗಿದ ತೊಲೆ ನನಗೆ ಬಾಗಿರಲಿಲ್ಲ, ಅಷ್ಟೇ. ಬ್ರೇಕರು ಇಳಿಸಿ ಕರೆಂಟು ತೆಗೆದು ಪೆಟ್ಟಿಗೆ ತೆರೆದಾಗ ತಂತಿಯ ಹೊದಿಕೆ ಸುಟ್ಟು ಕಪ್ಪಾಗಿತ್ತು. ತುಂಬಿದ ಬಸುರಿ, ಮನೆ ತುಂಬ ಜನ, ಕೆಳಗೆ ಕಿಡಿ ಕಾರುವ ತಂತಿ. ಎಲೆಕ್ಟ್ರಿಷಿಯನ್ ಬಂದು ಸುಟ್ಟ ಭಾಗ ತೆಗೆದು ಹೊಸದಾಗಿ ಬೆಸೆಯುವವರೆಗೆ ಮಾಧುರಿಯನ್ನು ನಡುವೆ ಕೂರಿಸಿ, ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊದ್ದು, ಹೋಳಿಗೆ ತಿಂದೆವು.

ಅಂದರೆ ತಾವು ನಿರಪರಾಧಿಗಳು. ಒಪ್ಪಿದೆ. ಆದರೆ ಅದನ್ನು ಮೊದಲೇ ತಿಳಿಸುವ ಸೌಜನ್ಯ ತಮಗೆ ಇರಬೇಡವೇ?

ಬೆಸುಗೆಯ ಮರುದಿನ ಅತ್ತೆಯವರು ಸೋಫಾದಿಂದ ಎದ್ದರು, ಕಿವಿಗೊಟ್ಟರು, ಕುಳಿತರು, ಮತ್ತೆ ಎದ್ದರು. ತಾವು ಒಂದೇ ಸಮ ಓಡುತ್ತಿದ್ದಿರಿ. ‘ಈಗ ನಾ ಕುಂತ್ರೂ ಅಷ್ಟ, ಎದ್ರೂ ಅಷ್ಟ’ ಎಂದವರ ದನಿ ಸಣ್ಣಗಿತ್ತು. ಅಷ್ಟು ದಿನ ಗೊಣಗಿದ್ದ ನನ್ನ ಬಾಯಿಂದಲೇ ಬಂದ ಮಾತಿಗೆ ನಾನೇ ಬೆರಗಾದೆ: ‘ಹಂಗ್ಯಾಕಂತೀರಿ ಅತ್ತಿಯವರ? ಫುಗಡಿಗೆ ನಿಮ್ಮ ಬಿಟ್ರ ನನಗ ಜೋಡಿ ಯಾರದಾರ?’ ಅವರು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ‘ಮೊದಲ ಎರಡ ರೊಟ್ಟಿ ಜಾಸ್ತಿ ತಿನ್ನು, ಗಾಳಿಗೆ ಹಾರಿಹೋಗ್ತಿ’ ಎಂದು ಸ್ವತಃ ಒಲೆಯ ಮುಂದೆ ನಿಂತರು. ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ: ಹಬ್ಬಹುಣ್ಣಿಮೆಗೊಮ್ಮೆ, ಅವರು ಏಳುವ ಹೊತ್ತಿಗೆ ಸರಿಯಾಗಿ, ಒಂದು ಉಸಿರಿನಷ್ಟು ಹೊತ್ತು ನಿಂತು ಗೌರವ ಸೂಚಿಸತಕ್ಕದ್ದು, ಉಳಿದಂತೆ ವಸಂತದವರೆಗೆ ಕೆಮ್ಮದೆ, ಕೊಸರಾಡದೆ ಓಡತಕ್ಕದ್ದು.

ನಂಬಿಕೆ ಇನ್ನೂ ಪೂರ್ತಿ ಕುದುರದಿದ್ದರೂ ರೂಢಿಯಂತೆ
ತಮ್ಮ ವಿಶ್ವಾಸಿ,
ದ್ರಾಕ್ಷಾಯಿಣಿ

ತಾ.ಕ.: ಪಕ್ಕದ ಮನೆಯವರು ನಿನ್ನೆ ಅವರ ಮನೆಯ ಪಂಪನ್ನು ಬದಲಾಯಿಸಿದರು. ಕಿತ್ತುಹಾಕಿದ್ದು ತಮ್ಮದೇ ಕಂಪನಿಯದು, ತಮ್ಮದೇ ವಯಸ್ಸಿನದು; ಕಸದ ಗಾಡಿ ಬರುವವರೆಗೆ ಡ್ರೈವ್‌ವೇಯ ಹಿಮದಲ್ಲಿ ಕಾಲು ಮೇಲಾಗಿ ಬಿದ್ದಿರುತ್ತದೆ. ತಮಗೆ ಚೆನ್ನಾಗಿ ಕಾಣಲೆಂದು ಬೇಸ್‌ಮೆಂಟಿನ ಕಿಟಕಿಯ ಪರದೆಯನ್ನು ಈಗಷ್ಟೇ ಸರಿಸಿ ಬಂದಿದ್ದೇನೆ.